ಸಿಇಟಿಗೆ ಮೊದಲು ಮನೆಯಲ್ಲಿ ಆಗಬೇಕಾದ ಕೆಲಸ

(ಮರಿಯಮ್ಮನಹಳ್ಳಿಯ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಶಿವಾನುಭವದಲ್ಲಿ ಸಿಇಟಿ ಮಾತು ಏಕೆ ಎಂದು ಒಂದಿಬ್ಬರು ಹಿರಿಯರು ಕೇಳಿದರು. ಮಕ್ಕಳು ಯಾವ ಕಾಯಕ ಹಿಡಿಯಬೇಕು ಎಂಬುದು ಶಿವಾನುಭವಕ್ಕೆ ಹೊರಗಿನ ಮಾತಲ್ಲ ಎಂದುಕೊಂಡು ಬಂದಿದ್ದೇನೆ.

ಈಚೆಗೆ ರೈತರೊಬ್ಬರು ಮನೆಗೆ ಬಂದಿದ್ದರು. "ಸಾಹೇಬ್ರೇ, ಮಗನ್ನ ಮಂಗಳೂರು ಕಡೆ ಕೋಚಿಂಗ್ ಇರೋ ಕಾಲೇಜಿಗೆ ಹಾಕಬೇಕು. ಎರಡು ಎಕರೆ ಅಡ ಇಟ್ರ ಆಗ್ತೈತಿ" ಅಂದರು. "371ಜೆ ಸರ್ಟಿಫಿಕೇಟ್ ಮಾಡಿಸೀರೇನು?" ಎಂದು ಕೇಳಿದೆ. "ಅದೇನ್ರಿ ಅದು?" ಅಂದರು. ಹೊಲ ಅಡ ಇಡಲು ಸಿದ್ಧರಾದವರಿಗೆ ಪುಕ್ಕಟೆ ಸಿಗುವ ಹಕ್ಕಿನ ಪತ್ರ ಗೊತ್ತಿಲ್ಲ. ಈ ದಿನ ನಾನು ಮಾತಾಡಬೇಕೆಂದಿರುವುದು ಇಷ್ಟೇ ವಿಷಯ.

2012ರ 98ನೇ ತಿದ್ದುಪಡಿ ಕಾಯ್ದೆಯಿಂದ ಸಂವಿಧಾನಕ್ಕೆ 371ಜೆ ಬಂತು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಈ ಭಾಗದ ಮಕ್ಕಳಿಗೆ. ಹೊರಗಿನ ಜಿಲ್ಲೆಗಳ ಕಾಲೇಜುಗಳಲ್ಲೂ ನೂರಕ್ಕೆ 8. ನಮ್ಮ ವಿಜಯನಗರ ಜಿಲ್ಲೆ ಇದರೊಳಗಿದೆ. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ರಾಜ್ಯದ ಪಾಲಿನ ಸೀಟುಗಳಿಗೂ ಈ ನಿಯಮ ಇದೆ. ತುಂಗಭದ್ರಾ ಕಾಲುವೆಯ ಕೊನೆಭಾಗದ ರೈತರನ್ನು ಕೇಳಿ ನೋಡಿ: ಕಾಗದದಲ್ಲಿ ನೀರಿನ ಪಾಲು ಇದ್ದರೆ ಗದ್ದೆ ನೆನೆಯುವುದಿಲ್ಲ, ತೂಬು ಎತ್ತಬೇಕು. ಇಲ್ಲಿ ತೂಬು ಎಂದರೆ ಹೊಸಪೇಟೆಯ ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಬರುವ ಅರ್ಹತಾ ಪ್ರಮಾಣಪತ್ರ. ಅದು ಒಂದೇ ದಿನದಲ್ಲಿ ಕೈಗೆ ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲೇ ಓಡಾಡಿ.

ಇನ್ನೆರಡು ಪಾಲುಗಳಿವೆ. 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5. ಕನ್ನಡ ಶಾಲೆಯಲ್ಲಿ ಓದಿದೆ ಎನ್ನಲು ನಾಚುವ ಮಕ್ಕಳು ಇದನ್ನು ಕಿವಿಗೊಟ್ಟು ಕೇಳಲಿ. ಒಂದು ಎಚ್ಚರಿಕೆಯೂ ಇದೆ. ಮರಿಯಮ್ಮನಹಳ್ಳಿ ಈಗ ಪಟ್ಟಣ ಪಂಚಾಯಿತಿ. ಪಟ್ಟಣ ಪಂಚಾಯಿತಿಯ ಮಿತಿಯೊಳಗಿನ ಶಾಲೆ ಗ್ರಾಮೀಣದ ಲೆಕ್ಕಕ್ಕೆ ಬರುವುದಿಲ್ಲ. ಡಣಾಯಕನಕೆರೆಯಂಥ ಹಳ್ಳಿಯ ಶಾಲೆ ಬರುತ್ತದೆ. ಹತ್ತೂ ವರ್ಷ ಎಲ್ಲೆಲ್ಲಿ ಓದಿದ್ದು ಎಂದು ಮುಖ್ಯೋಪಾಧ್ಯಾಯರ ಹತ್ತಿರ ಬರೆಸಿಕೊಳ್ಳಿ.

ಜಾತಿ-ಆದಾಯ ಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಜಾತಿ ಅಳಿಸಲು ಹುಟ್ಟಿದ ಧರ್ಮದವರು 3ಬಿ ಪತ್ರಕ್ಕೆ ಸಾಲು ನಿಲ್ಲುವುದೇ ಎಂದು ಯಾರಾದರೂ ನಕ್ಕಾರು. ನಗಲಿ. ಸರ್ಕಾರ ಕೇಳಿದ ಪತ್ರ ಕೊಡೋಣ, ಒಳಪಂಗಡದ ಜಗಳ ಮನೆಗೆ ತರದಿದ್ದರೆ ಸಾಕು. ಆ ಪತ್ರದ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲಿ ತುಂಬಬೇಕು. ಒಂದು ಕಡೆ ಬಸವರಾಜ, ಇನ್ನೊಂದು ಕಡೆ ಬಸವರಾಜಪ್ಪ ಎಂದಿದ್ದರೆ ತಕರಾರು ಶುರು. ಈಗಲೇ ತಿದ್ದಿಸಿ.

ಅಮಾವಾಸ್ಯೆ ಕಳೆಯಲಿ, ಗುರುಬಲ ನೋಡಿಸೋಣ ಎಂದು ಅರ್ಜಿಯನ್ನು ಕೊನೆಯ ದಿನಕ್ಕೆ ಒಯ್ಯುವವರು ನಮ್ಮಲ್ಲೂ ಇದ್ದಾರೆ, ಇಷ್ಟಲಿಂಗ ಕೊರಳಲ್ಲಿ ಇಟ್ಟುಕೊಂಡೇ. ಬಸವಣ್ಣನವರು ಬಿಡಿಸಿದ ಪಂಚಾಂಗವನ್ನು ಮತ್ತೆ ಕೈಗೆ ತೆಗೆದುಕೊಳ್ಳುತ್ತಿದ್ದೇವೆ. ಕೊನೆಯ ದಿನ ಎಲ್ಲರೂ ಒಟ್ಟಿಗೆ ಕೂತಾಗ ಸರ್ವರ್ ನಿಂತರೆ ಯಾವ ಗುರುಬಲ ಎತ್ತುತ್ತದೆ?

ಇನ್ನು ಓದಿನ ಮಾತು. ಎಂಜಿನಿಯರಿಂಗ್ ರ್‍ಯಾಂಕಿಗೆ ಭೌತ, ರಸಾಯನ, ಗಣಿತದ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕೋಚಿಂಗ್‌ಗೆ ಹೋಗಿ ಪಿಯು ತರಗತಿ ತಪ್ಪಿಸುವವನು ಗೋಡೆಗೆ ಸಿಮೆಂಟ್ ಹಾಕಿ ಪಾಯಕ್ಕೆ ಮಣ್ಣು ತುಂಬಿದ ಗುತ್ತಿಗೆದಾರನಂತೆ. ಅಂಥ ಬಿಲ್ಲುಗಳನ್ನು ನೌಕರಿಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ನೀಟ್ ಹಾಗಲ್ಲ: ಸರಿಗೆ 4 ಅಂಕ, ತಪ್ಪಿಗೆ 1 ಕಡಿತ. ಇಲ್ಲಿಯ ಧೈರ್ಯ ಅಲ್ಲಿ ನಷ್ಟ. ನಮ್ಮದು ನಾಟಕದವರ ಊರು. ಮಾತು ಬಾಯಿಪಾಠವಾದ ಮಾತ್ರಕ್ಕೆ ಯಾರೂ ಬಣ್ಣ ಹಚ್ಚುವುದಿಲ್ಲ, ತಾಲೀಮು ಆಗಬೇಕು. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ಮುಂದಿಟ್ಟು, ಮೊಬೈಲು ಅಮ್ಮನ ಕೈಗೆ ಕೊಟ್ಟು ವಾರಕ್ಕೊಂದು ಬರೆಯಿರಿ. ತಪ್ಪಿದ್ದನ್ನು ಮರುದಿನ ಮತ್ತೆ ಮಾಡಿ. ಇದಕ್ಕೆ ಎರಡು ಎಕರೆ ಬೇಕಿಲ್ಲ.

ರ್‍ಯಾಂಕ್ ಬಂದ ಮೇಲೆ ಕಾಲೇಜುಗಳ ಆಯ್ಕೆಪಟ್ಟಿ ತುಂಬುವುದಿದೆಯಲ್ಲ, ಅದನ್ನು ಸೈಬರ್ ಅಂಗಡಿಯ ಹುಡುಗನಿಗೆ ಬಿಡುತ್ತೀರಿ. ಅವನ ಮೊಬೈಲ್ ನಂಬರನ್ನೇ ಅರ್ಜಿಗೂ ಹಾಕಿಸುತ್ತೀರಿ! ಆಮೇಲೆ ಪ್ರಾಧಿಕಾರದ ಸಂದೇಶ ಬರುವುದು ಅವನಿಗೆ. ಮನೆಯವರು ಕೂತು, ಮಗುವಿಗೆ ನಿಜವಾಗಿ ಬೇಕಾದ ಕ್ರಮದಲ್ಲಿ ಬರೆದುಕೊಂಡು ಹೋಗಿ. ಅಣಕು ಹಂಚಿಕೆ ಬಂದ ಮೇಲೆ ತಿದ್ದಲು ಅವಕಾಶವಿದೆ. ಎಂಜಿನಿಯರಿಂಗ್ ಒಂದೇ ದಾರಿ ಎಂದುಕೊಳ್ಳಬೇಡಿ, ನಾನೇ ಹೇಳುತ್ತಿದ್ದೇನೆ. ಅಣೆಕಟ್ಟಿನ ಆಚೆ ಮುನಿರಾಬಾದಿನಲ್ಲಿ ತೋಟಗಾರಿಕೆ ಕಾಲೇಜಿದೆ. ಕೃಷಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಪಾಲಿದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಹೊಲದಲ್ಲಿ ಬೆಳೆದ ಮಗು ಅದಕ್ಕೆ ಹೆದರಬೇಕೇ?

ತಾಯಂದಿರಿಗೆ ಒಂದು ಮಾತು, ತಂದೆಯರಿಗೆ ಇನ್ನೂ ಗಟ್ಟಿಯಾಗಿ. ಮಗನಿಗೆ ಹಾಸ್ಟೆಲು, ಕೋಚಿಂಗು. ಅವನಿಗಿಂತ ಹೆಚ್ಚು ಅಂಕ ತಂದ ಮಗಳಿಗೆ "ಹತ್ತಿರ ಯಾವುದಿದ್ದರೆ ಅದು". ಅಕ್ಕಮಹಾದೇವಿ ಜಯಂತಿಗೆ ಹಾರ ಹಾಕಿ ಬಂದ ಮನೆಯಲ್ಲೇ ಇದನ್ನು ಕೇಳಿದ್ದೇನೆ. 371ಜೆ ಪತ್ರ ಮಗನಿಗೆ ಮಾಡಿಸಿ ಮಗಳಿಗೆ ಮಾಡಿಸದಿದ್ದರೆ ಅದು ಮರೆವಲ್ಲ, ತೀರ್ಮಾನ. ಹಾಗೆ ತೀರ್ಮಾನಿಸಲು ನಮಗೆ ಅಧಿಕಾರ ಕೊಟ್ಟವರು ಯಾರು?

ಪೂಜ್ಯರು ಅಪ್ಪಣೆ ಕೊಟ್ಟಿದ್ದಾರೆ. ಬರುವ ಭಾನುವಾರದಿಂದ ಬೆಳಿಗ್ಗೆ ಹತ್ತಕ್ಕೆ ಮಠದ ದಾಸೋಹದ ಪಡಸಾಲೆಯಲ್ಲಿ ಕೂತಿರುತ್ತೇನೆ. ನಮ್ಮೂರಿನ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿನಿಯರೂ ಬರುತ್ತಾರೆ, ಕಂಪ್ಯೂಟರ್ ಕೆಲಸ ಅವರದು. ಹತ್ತೂ ವರ್ಷದ ಶಾಲಾ ವಿವರ, ಅಂಕಪಟ್ಟಿ, ಜಾತಿ-ಆದಾಯ ಪತ್ರ, ಆಧಾರ್ ತನ್ನಿ. ಮಗಳದ್ದೂ ತನ್ನಿ. ಪ್ರಸಾದ ಮಾಡಿಕೊಂಡೇ ಹೋಗಬಹುದು.