ನಮ್ಮನ್ನು ಬಲ್ಲ ವೈದ್ಯರು: ಪ್ರಾಥಮಿಕ ಆರೋಗ್ಯ ಸೇವೆಯ ಇಂದಿನ ಸಂಶೋಧನೆ ಮತ್ತು ಸವಾಲುಗಳು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಈಗಷ್ಟೇ ಪ್ರತಿಭಾ ಪುರಸ್ಕಾರ ಕಾರ್ಯಕ್ರಮ ಮುಗಿಯಿತು. ಬಹುಮಾನ ಪಡೆದು ಕೆಳಗಿಳಿದ ಮಕ್ಕಳಲ್ಲಿ ಕೆಲವರನ್ನು ‘ಮುಂದೆ ಏನಾಗಬೇಕೆಂದಿದ್ದೀರಿ?’ ಎಂದು ಕೇಳಿದೆ. ಮೂವರು ವೈದ್ಯರಾಗಬೇಕೆಂದರು. ಬಹಳ ಸಂತೋಷವಾಯಿತು. ಎಂತಹ ವೈದ್ಯರು ಎಂದು ಮತ್ತೆ ಕೇಳಿದೆ. ಒಬ್ಬಳು ಹೃದ್ರೋಗ ತಜ್ಞೆ ಎಂದಳು, ಒಬ್ಬ ಮೆದುಳಿನ ಶಸ್ತ್ರಚಿಕಿತ್ಸಕ ಎಂದ. ಮೂರನೆಯವನು, ‘ಇನ್ನೂ ನಿರ್ಧರಿಸಿಲ್ಲ ಸಾರ್, ಆದರೆ ಬರೀ ಎಂಬಿಬಿಎಸ್‌ಗೆ ನಿಲ್ಲಿಸುವುದಿಲ್ಲ’ ಎಂದ. ನಾನು ಆ ಬರೀ ಎಂಬಿಬಿಎಸ್ ವೈದ್ಯ. ಆದ್ದರಿಂದ ಸಂಘಟಕರು ನನಗೆ ಕೊಟ್ಟಿರುವ ಈ ಅರ್ಧ ಗಂಟೆಯಲ್ಲಿ, ಬರೀ ಎಂಬಿಬಿಎಸ್ ವೈದ್ಯರ ಕೆಲಸದ ಬಗ್ಗೆ ಇಂದಿನ ಸಂಶೋಧನೆಗಳು ಏನು ಹೇಳುತ್ತಿವೆ, ಆ ಕೆಲಸ ಏಕೆ ಕಷ್ಟವಾಗುತ್ತಿದೆ ಎಂಬುದನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ಮೊದಲು ಒಂದು ಘಟನೆ ಹೇಳುತ್ತೇನೆ. ಕೊಲ್ಲಿ ರಾಷ್ಟ್ರವೊಂದರಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದ್ದ ಒಬ್ಬರು ಒಂದು ಸಂಜೆ ಗಂಟಲು ನೋವೆಂದು ನನ್ನ ಕ್ಲಿನಿಕ್ಕಿಗೆ ಬಂದರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಗಂಟಲು ನೋಡಿ, ಮೂರು ದಿನದ ಔಷಧಿ ಬರೆದು ಕಳುಹಿಸಿದೆ. ನಾಲ್ಕು ತಿಂಗಳ ನಂತರ ಅವರಿಗೆ ಪಾರ್ಶ್ವವಾಯು ತಗುಲಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಅವರ ಪತ್ನಿ ಒಂದು ಹಳೆಯ ಚೀಟಿ ತೋರಿಸಿದರು. ವಿದೇಶದಲ್ಲಿದ್ದಾಗ ರಕ್ತದೊತ್ತಡಕ್ಕೆ ಬರೆದುಕೊಟ್ಟ ಮಾತ್ರೆಯ ಚೀಟಿ ಅದು. ಊರಿಗೆ ಬಂದ ಮೇಲೆ, ‘ಈಗ ಆರಾಮಾಗಿದ್ದೇನಲ್ಲ’ ಎಂದು ಮಾತ್ರೆ ಬಿಟ್ಟಿದ್ದರು. ಆ ಅವಧಿಯಲ್ಲಿ ಅವರು ಜ್ವರಕ್ಕೊಬ್ಬರು, ಮಂಡಿಗೊಬ್ಬರು, ಹಲ್ಲಿಗೊಬ್ಬರು ಎಂದು ಐದು ಕಡೆ ಹೋಗಿದ್ದರು. ಐವರೂ ತಮ್ಮ ತಮ್ಮ ಭಾಗವನ್ನು ಸರಿಯಾಗಿಯೇ ನೋಡಿದ್ದರು. ಆದರೆ ‘ನಿಮಗೆ ಮೊದಲಿನಿಂದ ಏನಾದರೂ ಕಾಯಿಲೆ ಇದೆಯೇ?’ ಎಂದು ಯಾರೂ ಕೇಳಲಿಲ್ಲ. ಕೈಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಲಿಲ್ಲ. ಆ ಐವರಲ್ಲಿ ಒಬ್ಬ ನಾನು.

ಈ ತಪ್ಪನ್ನು ನಾನು ಇನ್ನೂ ಮರೆತಿಲ್ಲ. ಇದು ಜ್ಞಾನದ ಕೊರತೆಯಿಂದ ಆದ ತಪ್ಪಲ್ಲ, ರಕ್ತದೊತ್ತಡ ನೋಡುವುದು ಯಾವ ವೈದ್ಯನಿಗೂ ಗೊತ್ತು. ಕೊರತೆಯಾದದ್ದು ಪರಿಚಯ ಮತ್ತು ಸಮಯ. ನನ್ನ ಇಂದಿನ ಮಾತು ಇವೆರಡರ ಸುತ್ತಲೇ ಇದೆ.

ಪ್ರಾಥಮಿಕ ಆರೋಗ್ಯ ಸೇವೆ ಎಂದರೇನು?

ಪ್ರಾಥಮಿಕ ಎಂದ ಕೂಡಲೇ ಕೆಳಮಟ್ಟದ್ದು, ಸಣ್ಣಪುಟ್ಟ ಕಾಯಿಲೆಯದ್ದು ಎಂಬ ಭಾವನೆ ನಮ್ಮಲ್ಲಿದೆ. ಅಮೆರಿಕಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರೊಫೆಸರ್ ಬಾರ್ಬರಾ ಸ್ಟಾರ್‌ಫೀಲ್ಡ್ ಅವರು ತಮ್ಮ ಜೀವಮಾನವನ್ನೇ ಈ ವಿಷಯದ ಅಧ್ಯಯನಕ್ಕೆ ಮುಡಿಪಾಗಿಟ್ಟಿದ್ದರು. ಅವರು ಇದಕ್ಕೆ ನಾಲ್ಕು ಲಕ್ಷಣಗಳನ್ನು ಗುರುತಿಸಿದ್ದಾರೆ. ತೊಂದರೆಯಾದಾಗ ಮೊದಲು ಹೋಗುವ ಜಾಗ ಅದಾಗಿರಬೇಕು. ಸಂಬಂಧ ವರ್ಷಾನುಗಟ್ಟಲೆ ಮುಂದುವರಿಯಬೇಕು. ಮಗುವಿನ ಲಸಿಕೆಯಿಂದ ಅಜ್ಜಿಯ ಮಂಡಿನೋವಿನವರೆಗೆ ಬಹುಪಾಲು ಅಗತ್ಯಗಳನ್ನು ಅಲ್ಲಿ ನೋಡುವಂತಿರಬೇಕು. ತಜ್ಞರ ಬಳಿಗೆ ಕಳುಹಿಸಿದಾಗ, ಅವರು ಹೇಳಿದ್ದನ್ನೆಲ್ಲ ಒಂದುಗೂಡಿಸಿ ನೋಡುವವರು ಅಲ್ಲಿರಬೇಕು. ಈ ನಾಲ್ಕೂ ಸೇರಿದರೆ ಮಾತ್ರ ಅದು ಪ್ರಾಥಮಿಕ ಸೇವೆ. ನಮ್ಮ ಹಿರಿಯರು ‘ಫ್ಯಾಮಿಲಿ ಡಾಕ್ಟರು’ ಎಂದು ಕರೆಯುತ್ತಿದ್ದವರು ಯಾವ ಪುಸ್ತಕವನ್ನೂ ಓದದೆ ಈ ನಾಲ್ಕನ್ನೂ ಮಾಡುತ್ತಿದ್ದರು.

ಪರಿಚಯ ಆಯುಷ್ಯವನ್ನು ಕಾಯುತ್ತದೆಯೇ?

ಇದೆಲ್ಲ ಹಳೆಯ ಕಾಲದ ಹಂಬಲ ಎಂದು ವಿದ್ಯಾರ್ಥಿಗಳಿಗೆ ಅನಿಸಬಹುದು. ಆದ್ದರಿಂದ ಅಂಕಿಅಂಶಗಳ ಕಡೆಗೆ ಬರೋಣ. ನಾರ್ವೆ ದೇಶದಲ್ಲಿ 2001ರಿಂದ ಪ್ರತಿಯೊಬ್ಬ ನಿವಾಸಿಗೂ ಒಬ್ಬ ನಿರ್ದಿಷ್ಟ ಕುಟುಂಬ ವೈದ್ಯರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಳ್ಳುವ ಹಕ್ಕಿದೆ. ಅಲ್ಲಿನ ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2022ರಲ್ಲಿ ಬ್ರಿಟನ್ನಿನ ಸಾಮಾನ್ಯ ವೈದ್ಯರ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಒಬ್ಬರೇ ವೈದ್ಯರ ಬಳಿ ಒಂದು ವರ್ಷದಿಂದ ಇದ್ದವರನ್ನು, 15 ವರ್ಷಕ್ಕೂ ಹೆಚ್ಚು ಕಾಲ ಇದ್ದವರೊಂದಿಗೆ ಅವರು ಹೋಲಿಸಿದರು. ದೀರ್ಘ ಪರಿಚಯವಿದ್ದವರಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ತುರ್ತು ಸೇವೆಗೆ ಹೋಗುವ ಸಾಧ್ಯತೆ ಸುಮಾರು ಶೇಕಡಾ 30, ತುರ್ತಾಗಿ ಆಸ್ಪತ್ರೆಗೆ ಸೇರುವ ಸಾಧ್ಯತೆ ಶೇಕಡಾ 28 ಹಾಗೂ ಸಾವಿನ ಸಾಧ್ಯತೆ ಶೇಕಡಾ 25ರಷ್ಟು ಕಡಿಮೆಯಿತ್ತು. ಇದಕ್ಕೂ ಮೊದಲು, 2018ರಲ್ಲಿ, 9 ದೇಶಗಳ 22 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಇಂಗ್ಲೆಂಡಿನ ಸಂಶೋಧಕರು, ಅವುಗಳಲ್ಲಿ 18ರಲ್ಲಿ ಇದೇ ರೀತಿಯ ಫಲಿತಾಂಶ ಕಂಡಿದ್ದರು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಇವು ಇದ್ದದ್ದನ್ನು ಇದ್ದಂತೆ ಗಮನಿಸಿದ ಅಧ್ಯಯನಗಳೇ ಹೊರತು ಪ್ರಯೋಗಗಳಲ್ಲ. ಪದೇ ಪದೇ ಮನೆ ಬದಲಿಸುವವರ, ವೈದ್ಯರನ್ನು ಬದಲಿಸುವವರ ಬದುಕಿನಲ್ಲಿ ಬೇರೆ ಕಷ್ಟಗಳೂ ಇರಬಹುದು. ಆದರೂ ಪರಿಚಯದ ಅವಧಿ ಹೆಚ್ಚಿದಂತೆಲ್ಲ ಪ್ರಯೋಜನವೂ ಹಂತಹಂತವಾಗಿ ಹೆಚ್ಚಿದೆ. ಕಾರಣವನ್ನು ಊಹಿಸುವುದೂ ಕಷ್ಟವಲ್ಲ. ಪರಿಚಯದ ವೈದ್ಯರ ಬಳಿ ನಾವು ನಾಚಿಕೆಯ ವಿಷಯವನ್ನೂ ಹೇಳುತ್ತೇವೆ. ನಮ್ಮ ಮುಖ ಎಂದಿನಂತಿಲ್ಲ ಎಂಬುದು ಅವರಿಗೆ ತಿಳಿಯುತ್ತದೆ. ಅವರು ಕೊಟ್ಟ ಮಾತ್ರೆಯನ್ನು ನಂಬಿ ನುಂಗುತ್ತೇವೆ. ಎಲ್ಲಕ್ಕಿಂತ ಮುಖ್ಯವಾಗಿ, ‘ಇವರು ನನ್ನ ಜವಾಬ್ದಾರಿ’ ಎಂದು ಭಾವಿಸುವ ಒಬ್ಬರು ಇರುತ್ತಾರೆ. ನನ್ನ ಬಳಿಗೆ ಬಂದ ಆ ವ್ಯಕ್ತಿಗೆ ಐವರು ವೈದ್ಯರಿದ್ದರು, ಅಂತಹ ಒಬ್ಬರಿರಲಿಲ್ಲ.

ಎರಡು ನಿಮಿಷದ ಭೇಟಿ

ಇನ್ನು ಸಮಯದ ವಿಷಯ. 67 ದೇಶಗಳ ಮಾಹಿತಿಯನ್ನು ಸಂಗ್ರಹಿಸಿ 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಪ್ರಾಥಮಿಕ ಸೇವೆಯ ವೈದ್ಯರು ಒಬ್ಬ ರೋಗಿಗೆ ನೀಡುವ ಸರಾಸರಿ ಸಮಯ ಸ್ವೀಡನ್ನಿನಲ್ಲಿ 22 ನಿಮಿಷಕ್ಕೂ ಹೆಚ್ಚು, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಭಾರತದಲ್ಲಿ ಸುಮಾರು ಎರಡು ನಿಮಿಷ. ಎರಡು ನಿಮಿಷದಲ್ಲಿ ಒಂದು ಚೀಟಿ ಬರೆಯಬಹುದು, ಒಬ್ಬ ಮನುಷ್ಯನನ್ನು ಅರಿಯಲು ಸಾಧ್ಯವಿಲ್ಲ. ಕೇಳಲು ಸಮಯವಿಲ್ಲದಾಗ ಆ್ಯಂಟಿಬಯೋಟಿಕ್ ಬರೆಯುವುದು ಸುಲಭದ ದಾರಿಯಾಗುತ್ತದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12 ಲಕ್ಷ 70 ಸಾವಿರ ಜನ ನೇರವಾಗಿ ಸಾವಿಗೀಡಾದರೆಂದು 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅಂದಾಜನ್ನು ಪ್ರಕಟಿಸಿತು. ನೆಗಡಿಗೂ ಇಂಜೆಕ್ಷನ್ ಕೇಳುವ ರೋಗಿ ಮತ್ತು ‘ಇಲ್ಲ’ ಎನ್ನಲು ಸಮಯವಿಲ್ಲದ ವೈದ್ಯ, ಇಬ್ಬರೂ ಇದಕ್ಕೆ ಪಾಲುದಾರರು.

ಅಗತ್ಯವಿದ್ದಲ್ಲಿ ವೈದ್ಯರಿಲ್ಲ

ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಗ್ಲಿನ್‌ಕೊರುಗ್ ಎಂಬ, ಹಿಂದೆ ಕಲ್ಲಿದ್ದಲು ಗಣಿ ಕಾರ್ಮಿಕರದಾಗಿದ್ದ ಹಳ್ಳಿಯಿದೆ. ಅಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ಸಾಮಾನ್ಯ ವೈದ್ಯರಿದ್ದರು. ಉತ್ತಮ ವೈದ್ಯಕೀಯ ಸೇವೆ ಯಾರಿಗೆ ಅತಿ ಹೆಚ್ಚು ಬೇಕೋ ಅವರಿಗೇ ಅತಿ ಕಡಿಮೆ ದೊರೆಯುತ್ತದೆ ಎಂಬ ಸತ್ಯವನ್ನು 1971ರಲ್ಲಿ ‘ವಿಲೋಮ ಆರೈಕೆಯ ನಿಯಮ’ ಎಂಬ ಹೆಸರಿನಿಂದ ಜಗತ್ತಿಗೆ ತಿಳಿಸಿದವರು ಇವರೇ. ಬರೆದು ಸುಮ್ಮನಾಗದೆ, ತಮ್ಮ ಹಳ್ಳಿಯ ವಯಸ್ಕರೆಲ್ಲರ ರಕ್ತದೊತ್ತಡವನ್ನು ಅಳೆಯಲು ಹೊರಟರು. ಕ್ಲಿನಿಕ್ಕಿಗೆ ಬಾರದವರನ್ನು ಹುಡುಕಿಕೊಂಡು ಹೋದರು. ಅದೇ ಊರಿನಲ್ಲಿ ದಶಕಗಳ ಕಾಲ ನಿಂತರು. 25 ವರ್ಷಗಳ ಈ ಕೆಲಸದ ವರದಿ 1991ರಲ್ಲಿ ಪ್ರಕಟವಾದಾಗ, ಅದೇ ಬಡತನದ ನೆರೆಯ ಹಳ್ಳಿಗಿಂತ ಇಲ್ಲಿ ಅಕಾಲ ಮರಣ ಕಡಿಮೆಯಾಗಿದ್ದುದು ಕಂಡುಬಂತು. ಅವರ ಬಳಿ ದೊಡ್ಡ ಯಂತ್ರವೇನೂ ಇರಲಿಲ್ಲ. ಒಂದು ರಕ್ತದೊತ್ತಡದ ಪಟ್ಟಿ, ಒಂದು ದಾಖಲೆ, ಬಿಡದ ಹಟ ಇವಿಷ್ಟೇ ಇದ್ದವು.

ನಮ್ಮ ದೇಶದ ಸ್ಥಿತಿ

ನಮ್ಮಲ್ಲಿ ಯೋಜನೆಗೆ ಕೊರತೆಯಿಲ್ಲ. ಸ್ವಾತಂತ್ರ್ಯಕ್ಕೂ ಮೊದಲೇ, 1946ರಲ್ಲಿ, ಭೋರ್ ಸಮಿತಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆಯನ್ನು ಕೊಟ್ಟಿತ್ತು. ಬಯಲು ಪ್ರದೇಶದಲ್ಲಿ 30 ಸಾವಿರ, ಗುಡ್ಡಗಾಡಿನಲ್ಲಿ 20 ಸಾವಿರ ಜನರಿಗೊಂದು ಕೇಂದ್ರವಿರಬೇಕೆಂಬುದು ನಮ್ಮ ಮಾನದಂಡ. 2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಯಡಿ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳು ಬಂದವು. 2023ರಲ್ಲಿ ಅವುಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರಿಟ್ಟರು. ಕರ್ನಾಟಕದ ನಗರಗಳಲ್ಲಿ 2022ರ ಡಿಸೆಂಬರ್‌ನಲ್ಲಿ ‘ನಮ್ಮ ಕ್ಲಿನಿಕ್’ಗಳು ಆರಂಭವಾದವು.

ಆದರೆ ಕಾಯಿಲೆಗಳ ಸ್ವರೂಪ ಬದಲಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ, 31 ಕೋಟಿಗೂ ಹೆಚ್ಚು ಜನರಿಗೆ ಅಧಿಕ ರಕ್ತದೊತ್ತಡವಿದೆ. ಮಲೇರಿಯಾ ಜ್ವರಕ್ಕೆ ಔಷಧಿಯನ್ನು ಪೂರ್ತಿಯಾಗಿ ಕೊಟ್ಟರೆ ಸಾಮಾನ್ಯವಾಗಿ ಗುಣವಾಗುತ್ತದೆ. ಸಕ್ಕರೆ ಕಾಯಿಲೆ ಜೀವನಪೂರ್ತಿ ಜೊತೆಗಿರುತ್ತದೆ. ಜೀವನಪೂರ್ತಿ ಇರುವ ಕಾಯಿಲೆಗೆ ಆರು ತಿಂಗಳಿಗೊಮ್ಮೆ ಬದಲಾಗುವ ವೈದ್ಯರು ಸಾಲುವುದಿಲ್ಲ. ಕಟ್ಟಡ ಕಟ್ಟುವುದಕ್ಕಿಂತ, ಅದರೊಳಗೆ ಒಬ್ಬರನ್ನು ಹತ್ತು ವರ್ಷ ಉಳಿಸಿಕೊಳ್ಳುವುದು ಕಷ್ಟದ ಕೆಲಸ.

ಆಶಾದಾಯಕ ಬೆಳವಣಿಗೆಗಳೂ ಇವೆ. 2017ರಲ್ಲಿ ಐದು ರಾಜ್ಯಗಳ 25 ಜಿಲ್ಲೆಗಳಿಗೆಂದು ಆರಂಭವಾದ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮವು ಸರಳ ದಾರಿ ಹಿಡಿಯಿತು. ಎಲ್ಲರಿಗೂ ಒಂದೇ ಬಗೆಯ ಸುಲಭ ಚಿಕಿತ್ಸಾ ಕ್ರಮ, ತಪ್ಪದೆ ಸಿಗುವ ಮಾತ್ರೆ, ದಾದಿಯರನ್ನೂ ಒಳಗೊಂಡ ತಂಡ, ಬಾರದವರನ್ನು ಹುಡುಕಲು ನೆರವಾಗುವ ದಾಖಲೆ. ಅರ್ಧ ಶತಮಾನದ ಹಿಂದೆ ಗಣಿ ಹಳ್ಳಿಯಲ್ಲಿ ನಡೆದದ್ದೂ ಇದೇ ಅಲ್ಲವೇ? ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಪದವಿಯಿಲ್ಲದ ಹಳ್ಳಿ ಚಿಕಿತ್ಸಕರಿಗೆ ಒಂಬತ್ತು ತಿಂಗಳು ತರಬೇತಿ ನೀಡಿ ನಡೆಸಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಅವರ ಚಿಕಿತ್ಸೆ ಸುಧಾರಿಸಿತು, ಆದರೆ ಅನಗತ್ಯ ಔಷಧಿ ಕೊಡುವ ಚಾಳಿ ಕಡಿಮೆಯಾಗಲಿಲ್ಲ. ಅಭ್ಯಾಸ ಬದಲಿಸಲು ಕೇವಲ ಪಾಠ ಸಾಲದು ಎಂಬುದನ್ನು ನಾವು ಇದರಿಂದ ಕಲಿಯಬೇಕಾಗಿದೆ.

ಇನ್ನೊಂದು ಸವಾಲು ಗೌರವದ್ದು. ಬ್ರಿಟನ್ನಿನಲ್ಲಿ ಸಾಮಾನ್ಯ ವೈದ್ಯರಾಗಲು ಮೂರು ವರ್ಷಗಳ ಪ್ರತ್ಯೇಕ ತರಬೇತಿ ಬೇಕು. ನಮ್ಮಲ್ಲಿ ಬೇರೆ ಸೀಟು ಸಿಗದವರು ಮಾಡುವ ಕೆಲಸ ಎಂಬ ಭಾವನೆಯಿದೆ. ಕುಟುಂಬ ವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ನಮ್ಮಲ್ಲಿಯೂ ಇದೆ ಎಂಬುದೇ ಅನೇಕ ಪೋಷಕರಿಗೆ ತಿಳಿದಿಲ್ಲ. ಈಗ ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯವನ್ನು ಗಮನಿಸಬೇಕೆಂಬ ನಿಯಮವಿದೆ. ಅದನ್ನು ಅಂಕಕ್ಕಾಗಿ ಮಾಡದೆ ಮನಸ್ಸಿಟ್ಟು ಮಾಡಿದರೆ, ಪರಿಚಯದ ಬೆಲೆ ಅಲ್ಲಿಯೇ ತಿಳಿಯುತ್ತದೆ.

ನಾವೇನು ಮಾಡಬಹುದು?

ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿ ಮನೆಯವರೂ, ಸರಕಾರಿ ಕೇಂದ್ರದಲ್ಲಾಗಲಿ ಖಾಸಗಿಯಲ್ಲಾಗಲಿ, ಒಬ್ಬ ವೈದ್ಯರನ್ನು ಆರಿಸಿಕೊಂಡು ಅವರ ಬಳಿಗೇ ಹೋಗಿ. ಒಂದು ನೋಟ್‌ಬುಕ್ ಇಡಿ. ಅದರಲ್ಲಿ ಕಾಯಿಲೆ, ಮಾತ್ರೆ, ಒಗ್ಗದ ಔಷಧಿ ಎಲ್ಲವನ್ನೂ ಬರೆದು ಎಲ್ಲಿಗೆ ಹೋದರೂ ಕೊಂಡೊಯ್ಯಿರಿ. 30 ದಾಟಿದವರು ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಿ. ಆರಾಮಾಗಿದ್ದೇನೆಂದು ಮಾತ್ರೆ ಬಿಡಬೇಡಿ, ಆರಾಮಾಗಿರುವುದು ಆ ಮಾತ್ರೆಯಿಂದಲೇ ಇರಬಹುದು. ಸಂಘವು ವರ್ಷಕ್ಕೊಮ್ಮೆ ಶಿಬಿರ ನಡೆಸಿ ಫೋಟೋ ತೆಗೆಸಿಕೊಳ್ಳುವುದಕ್ಕೆ ನಿಲ್ಲದೆ, ಶಿಬಿರದಲ್ಲಿ ಕಾಯಿಲೆ ಕಂಡುಬಂದವರು ಮೂರು ತಿಂಗಳ ನಂತರ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ವಿಚಾರಿಸುವ ವ್ಯವಸ್ಥೆ ಮಾಡಲಿ. ವಿದ್ಯಾರ್ಥಿವೇತನ ಕೊಡುವಾಗ ದಾದಿಯರಾಗಬಯಸುವ ಹೆಣ್ಣುಮಕ್ಕಳನ್ನೂ ಮರೆಯದಿರಲಿ.

ವಿದ್ಯಾರ್ಥಿ ಮಿತ್ರರೇ, ತಜ್ಞರಾಗಬೇಡಿ ಎಂದು ನಾನು ಹೇಳುವುದಿಲ್ಲ. ಮೆದುಳಿನಲ್ಲಿ ರಕ್ತಸ್ರಾವವಾದಾಗ ಶಸ್ತ್ರಚಿಕಿತ್ಸಕರೇ ಬೇಕು. ಆದರೆ ಆ ರಕ್ತಸ್ರಾವ ಆಗದಂತೆ ಹತ್ತು ವರ್ಷ ಕಾಯುವವರೂ ಬೇಕಲ್ಲವೇ? ಅವರ ಗೆಲುವು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಏನೂ ಆಗದಿರುವುದೇ ಅವರ ಗೆಲುವು.

ನಾನು ಹೇಳಿದ ಆ ವ್ಯಕ್ತಿ ಈಗ ಪ್ರತಿ ತಿಂಗಳೂ ನನ್ನಲ್ಲಿಗೆ ಬರುತ್ತಾರೆ. ಪತ್ನಿಯ ಕೈಯಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ಅವರಿಗೆ ಮಾತು ಇನ್ನೂ ಪೂರ್ತಿ ಬಂದಿಲ್ಲ. ಕುರ್ಚಿಯಲ್ಲಿ ಕುಳಿತ ಕೂಡಲೇ, ನಾನು ಕೇಳುವ ಮೊದಲೇ, ಎಡಗೈಯ ತೋಳನ್ನು ಮೇಲೆ ಸರಿಸಿ ಮುಂದೆ ಚಾಚುತ್ತಾರೆ. ನಾನು ಪಟ್ಟಿ ಸುತ್ತುತ್ತೇನೆ. ಹೊರಗೆ ಎಷ್ಟೇ ಜನ ಕಾಯುತ್ತಿರಲಿ, ಈಗ ಎಲ್ಲರಿಗೂ ಅದನ್ನು ಸುತ್ತುತ್ತೇನೆ.