ಹೆಸರಿಲ್ಲದ ಯಂತ್ರದ ಗುರುತು

(ಕಲ್ಲೂರಿನಲ್ಲಿ ಕೂಡಿದ್ದ ತೋಟದ ಕೆಲಸಗಾರ ಕುಟುಂಬಗಳ ಮುಂದೆ ಆಡಿದ ಮಾತುಗಳು)



ತೋಟದ ಕೆಲಸದಿಂದ ನಿವೃತ್ತಿಯಾದಾಗ ಕೈಗೆ ಬರುವ ಗ್ರಾಚ್ಯುಟಿ ಹಣ ಎಂಥದೆಂದು ನಿಮಗೆ ನಾವು ತಿಳಿಸಬೇಕಾದದ್ದಿಲ್ಲ. ದುಡಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳ. ಮಳೆಯಲ್ಲಿ ನೆನೆದು, ಜಿಗಣೆ ಕಚ್ಚಿಸಿಕೊಂಡು ದುಡಿದ ಅಷ್ಟೂ ವರ್ಷಗಳು ಒಂದು ಚೆಕ್ಕಿನಲ್ಲಿ ಬರುತ್ತವೆ. ಅದೂ ಒಂದೇ ಸಲ. ಅದೇ ಹೊತ್ತಿಗೆ ಲೈನಿನ ಮನೆ ಬಿಡಬೇಕಾದ ಚಿಂತೆ. ಆ ಹಣ ಇನ್ನೂ ಬ್ಯಾಂಕಿನಲ್ಲಿರುವಾಗಲೇ ಬಡಗಿ ಕೆಲಸ ಕಲಿತ ಮಗ ಬಂದು, “ಅಪ್ಪಾ, ಒಂದು ಹಳೇ ಮಿಷನ್ ಮಾರಾಟಕ್ಕಿದೆ. ಗರಗಸ, ಪ್ಲೇನರ್, ತೂತು ಹೊಡೆಯೋದು ಎಲ್ಲಾ ಒಂದರಲ್ಲೇ ಇದೆ. ತಗೊಂಡ್ರೆ ಇನ್ನೊಬ್ಬರ ಕೈಕೆಳಗೆ ಕೂಲಿ ಮಾಡೋದು ತಪ್ಪುತ್ತೆ” ಎನ್ನುತ್ತಾನೆ.

ಇಂಥ ಮಾತು ನಮ್ಮ ನಡುವಿನ ಒಂದು ಮನೆಯಲ್ಲಿ ಬಂತು. ಬಾಗಿಲು ಮುಚ್ಚಿದ ಒಂದು ಫರ್ನಿಚರ್ ಅಂಗಡಿಯ ಹಿಂದುಗಡೆ ಯಂತ್ರ ನಿಂತಿತ್ತು. ಮಾರುವವರು “ಫಾರಿನ್ ಮಾಲು” ಎಂದರು. ಅದರ ಮೈಮೇಲೆ ಹೆಸರಿಲ್ಲ, ತಗಡಿಲ್ಲ, ಜೊತೆಗೆ ಪುಸ್ತಕವೂ ಇಲ್ಲ. ಹುಡುಗನ ತಾಯಿ ಒಂದು ಪ್ರಶ್ನೆ ಕೇಳಿದರು: “ಹೆಸರೇ ಇಲ್ಲದ ಮಿಷನ್ನಿಗೆ ನಾಳೆ ಏನಾದರೂ ಮುರಿದರೆ ಸಾಮಾನು ಯಾವ ಊರಲ್ಲಿ ಕೇಳೋದು?” ಅಲ್ಲಿದ್ದ ಗಂಡಸರಲ್ಲಿ ಯಾರೂ ಅಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಆಮೇಲೆ ನಾವು ಕೆಲವರು ಹೋಗಿ ಆ ಯಂತ್ರವನ್ನು ಒಂದು ಹಗಲೆಲ್ಲಾ ನೋಡಿ ಬಂದೆವು. ಇವತ್ತಿನ ನಮ್ಮ ಮಾತು ಆ ತಾಯಿಗೆ ಕೊಡಬೇಕಾದ ಉತ್ತರ.

ಹಲವು ಕೆಲಸದ ಈ ಮರಗೆಲಸ ಯಂತ್ರವನ್ನು ನೋಡದವರಿಗಾಗಿ ಎರಡು ಮಾತು. ಕೆಳಗೆ ಒಂದು ಮೋಟಾರು. ಅದರಿಂದ ಬೆಲ್ಟು ಮೇಲೆ ಹೋಗಿ ಒಂದು ಶಾಫ್ಟನ್ನು ತಿರುಗಿಸುತ್ತದೆ. ಶಾಫ್ಟಿನ ನಡುವೆ ಬ್ಲೇಡುಗಳನ್ನು ಹಿಡಿದ ಉಕ್ಕಿನ ಉರುಳೆ. ಅದಕ್ಕೆ ಕಟ್ಟರ್ ಬ್ಲಾಕ್ ಎನ್ನುತ್ತಾರೆ. ಹಲಗೆಯನ್ನು ನುಣ್ಣಗೆ ಮಾಡುವುದು ಅದು. ಒಂದು ತುದಿಯಲ್ಲಿ ದುಂಡು ಗರಗಸ, ಇನ್ನೊಂದು ತುದಿಯಲ್ಲಿ ತೂತು ಕೊರೆಯುವ ಚಕ್ಕು. ಒಂದೇ ಮೋಟಾರಿನಲ್ಲಿ ಎಲ್ಲ ಕೆಲಸ ಎಂಬ ಯೋಚನೆ ಹೊರದೇಶಗಳಲ್ಲೂ ಬಡವರ, ಜಾಗವಿಲ್ಲದವರ ಯೋಚನೆಯೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಹ್ಯಾನ್ಸ್ ಗೋಲ್ಡ್‌ಶ್ಮಿಟ್ ಎಂಬವರು ಮನೆಯ ಮೂಲೆಯಲ್ಲಿ ಹಿಡಿಸುವಂಥ ಶಾಪ್‌ಸ್ಮಿತ್ ಎಂಬ ಯಂತ್ರವನ್ನು ಮಾಡಿದರು. ಆಸ್ಟ್ರಿಯಾದ ಫೆಲ್ಡರ್ ಕಂಪನಿ 1956ರಿಂದ ಇದೆ. ನಮ್ಮ ದೇಶದಲ್ಲಿ ಪಂಜಾಬಿನ ಬಟಾಲ, ಲೂಧಿಯಾನ, ಗುಜರಾತಿನ ರಾಜಕೋಟೆಗಳ ಕಡೆ ಬೀಡು ಎರಕದ ಮರಗೆಲಸ ಯಂತ್ರಗಳನ್ನು ಮಾಡುತ್ತಾರೆ.

ಗುರುತು ಹಿಡಿಯುವ ಕೆಲಸಕ್ಕೆ ನಾವು ಕೊಂಡುಹೋದದ್ದು ಒಂದು ಅಡಿಪಟ್ಟಿ, ವರ್ನಿಯರ್, ತಂತಿ ಬ್ರಶ್ಶು, ಸ್ವಲ್ಪ ಸೀಮೆಣ್ಣೆ, ಒಂದು ನೋಟುಪುಸ್ತಕ. ಮೊದಲು ಬಣ್ಣ ಕೆರೆದೆವು. ಹಸಿರು ಬಣ್ಣದ ಕೆಳಗೆ ಬೂದಿ ಬಣ್ಣ, ಅದರ ಕೆಳಗೆ ಮತ್ತೆ ಹಸಿರು. ಬೀಡಿನಲ್ಲಿ ಎರಕದ ಜೊತೆಗೇ ಎದ್ದುಬಂದ ಅಕ್ಷರ ಅಥವಾ ಅಂಕಿ ಮೇಜಿನ ಅಡಿಯಲ್ಲಿ, ಕಾಲಿನ ಒಳಮೈಯಲ್ಲಿ ಇರುವುದುಂಟು. ಮೇಲೆ ರಿವೆಟ್ ಹೊಡೆದ ತಗಡಿಗಿಂತ ಇದು ಹೆಚ್ಚು ನಂಬಿಕೆಗೆ ತಕ್ಕದ್ದು. ಏಕೆಂದರೆ ಮಾರಿದ ವ್ಯಾಪಾರಿ ತನ್ನ ಹೆಸರಿನ ತಗಡನ್ನೇ ಹೊಡೆದಿರಬಹುದು. ನಮಗೆ ಸಿಕ್ಕಿದ್ದು ಬರೀ ಒಂದು ಅಂಕಿ. ಮೋಟಾರಿಗೆ ತಗಡಿತ್ತು. ಆದರೆ ಮೋಟಾರಿನ ತಗಡು ಹೇಳುವುದು ಮೋಟಾರಿನ ಕಥೆಯನ್ನು ಮಾತ್ರ. ಹಳೆಯ ಯಂತ್ರದಲ್ಲಿ ಮೊದಲು ಬದಲಾಗಿರುವುದೇ ಮೋಟಾರು.

ನಂತರ ಬೋಲ್ಟುಗಳ ಮರೆ ಎಣಿಸಿದೆವು. ಹೆಸರು ಕೆರೆದು ಹಾಕಬಹುದು, ಮರೆಯನ್ನು ಯಾರೂ ಬದಲಿಸಿರುವುದಿಲ್ಲ. ಅರ್ಧ ಇಂಚಿನ ಬೋಲ್ಟಿನ ಮೇಲೆ ಅಡಿಪಟ್ಟಿ ಇಟ್ಟು ಒಂದು ಇಂಚಿನಲ್ಲಿ ಎಷ್ಟು ಸುತ್ತು ಎಂದು ಎಣಿಸಿ. 12 ಇದ್ದರೆ ಅದು ಹಳೆಯ ಇಂಗ್ಲಿಷ್ ಅಳತೆ, ವಿಟ್‌ವರ್ತ್ ಎನ್ನುವುದು. 13 ಇದ್ದರೆ ಅಮೆರಿಕದ ಅಳತೆ. ಅರ್ಧ ಇಂಚೆಂದು ಕಣ್ಣಿಗೆ ಕಂಡದ್ದು ವರ್ನಿಯರಿನಲ್ಲಿ 12.7ರ ಬದಲು 12 ಮಿಲಿಮೀಟರ್ ಬಂದು, ಸುತ್ತಿನಿಂದ ಸುತ್ತಿಗೆ 1.75 ಮಿಲಿಮೀಟರ್ ಇದ್ದರೆ ಅದು ಮೆಟ್ರಿಕ್. ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಎರಡು ಸುತ್ತು ಹೋಗಿ ಬಿಗಿಯುತ್ತದೆ. ಸ್ಪಾನರ್ ಹಾಕಿ ಒತ್ತಿದಿರೋ, ಮರೆ ಸತ್ತಿತು. ನಾವು ನೋಡಿದ್ದರಲ್ಲಿ 12 ಸುತ್ತು ಇದ್ದವು. ಇಂಗ್ಲೆಂಡಿನ ಯಂತ್ರಕ್ಕೂ ಈ ಮರೆ ಇತ್ತು, ನಮ್ಮ ದೇಶದ ಹಳೆಯ ಯಂತ್ರಗಳಿಗೂ ಇತ್ತು. ಎರಕದ ಮೈ ಒರಟಾಗಿದ್ದದ್ದನ್ನು ನೋಡಿ ಇದು ಇಲ್ಲಿನದೇ ಇರಬೇಕು ಎಂದು ನಾವು ಎಣಿಸಿದೆವು. ಹೆಸರಂತೂ ಸಿಗಲಿಲ್ಲ.

ಹೆಸರು ಸಿಗಲಿಲ್ಲವೆಂದು ಹುಡುಗನ ಮುಖ ಬಾಡಿತು. ಆದರೆ ನೋಟುಪುಸ್ತಕದಲ್ಲಿ ಅಷ್ಟರೊಳಗೆ ಏನೇನು ಬಂದಿತ್ತು ಕೇಳಿ. ಗರಗಸದ ಕಡೆಯ ಬೇರಿಂಗಿನ ಮುಚ್ಚಳ ತೆಗೆದು ಒರಸಿದಾಗ 6205 ಎಂಬ ಸಂಖ್ಯೆ ಕಂಡಿತು. ಇದು ಆ ಯಂತ್ರದ ಕಂಪನಿಯ ಸಂಖ್ಯೆಯಲ್ಲ, ಲೋಕಕ್ಕೆಲ್ಲಾ ಒಂದೇ. ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಅದನ್ನು ಐದರಿಂದ ಗುಣಿಸಿದರೆ ಒಳತೂತಿನ ಅಳತೆ ಮಿಲಿಮೀಟರಿನಲ್ಲಿ ಬರುತ್ತದೆ. 05ಕ್ಕೆ 25. ಹೊರಗಿನ ಅಳತೆ 52, ದಪ್ಪ 15. ಜಯಪುರದಲ್ಲಿ ಮಾಡಿದ್ದಾಗಲಿ, ಸ್ವೀಡನ್ ಕಂಪನಿಯದ್ದಾಗಲಿ, 6205 ಎಂದರೆ ಇಷ್ಟೇ. ಸಂಖ್ಯೆ ಅಳಿಸಿಹೋಗಿದ್ದರೂ ಈ ಮೂರು ಅಳತೆ ಬರೆದುಕೊಂಡು ಹೋದರೆ ಅಂಗಡಿಯವರು ಅದನ್ನೇ ತೆಗೆದು ಕೊಡುತ್ತಾರೆ. ಸಂಖ್ಯೆಯ ಮುಂದೆ ಜೆಡ್ ಜೆಡ್ ಎಂದಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ, ಟೂ ಆರ್ ಎಸ್ ಎಂದಿದ್ದರೆ ರಬ್ಬರಿನ ಮುಚ್ಚಳ. ಮರದ ಹುಡಿ ನುಗ್ಗುವ ಜಾಗಕ್ಕೆ ರಬ್ಬರಿನದೇ ಮೇಲು.

ಬೆಲ್ಟೂ ಹಾಗೆಯೇ. ಮೇಲ್ಭಾಗ 13 ಮಿಲಿಮೀಟರ್ ಅಗಲವಿದ್ದರೆ ಎ ಬೆಲ್ಟು, 17 ಇದ್ದರೆ ಬಿ ಬೆಲ್ಟು. ಅದರ ಮುಂದಿನ ಅಂಕಿ ಒಳಸುತ್ತಿನ ಉದ್ದ, ಇಂಚಿನಲ್ಲಿ. ಅಕ್ಷರ ಅಳಿಸಿದ್ದರೆ ಎರಡು ಪುಲ್ಲಿಗಳ ಸುತ್ತ ಒಂದು ದಾರ ಹಾಕಿ ಅಳೆಯಿರಿ.

ಈ ಮಾತು ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬರುತ್ತಿರಬಹುದು. ಕಾಫಿ ಪಲ್ಪರ್ ಹತ್ತಿರ ಕೆಲಸ ಮಾಡಿದವರು, ಟೀ ಫ್ಯಾಕ್ಟರಿಯಲ್ಲಿ ಫಿಟ್ಟರಿಗೆ ಸ್ಪಾನರ್ ಎತ್ತಿಕೊಟ್ಟವರು, ಪಂಪ್‌ಸೆಟ್ಟು ಬಿಚ್ಚಿದವರು ಈ ಬೇರಿಂಗು ಬೆಲ್ಟುಗಳನ್ನು ಎಷ್ಟೋ ಸಲ ಕೈಯಲ್ಲಿ ಹಿಡಿದಿದ್ದೀರಿ. ಅದೇ ನಾವು ಹೇಳುವುದು. ಹೆಸರಿಲ್ಲದ ಯಂತ್ರವೆಂದರೆ ಗೊತ್ತಿಲ್ಲದ ಯಂತ್ರವಲ್ಲ. ಬೇರಿಂಗು, ಬೆಲ್ಟು, ಪುಲ್ಲಿ, ಮೋಟಾರು, ಸ್ವಿಚ್ಚು, ನಟ್ಟು ಬೋಲ್ಟು, ಗರಗಸದ ಬ್ಲೇಡು, ಚಕ್ಕು ಇವೆಲ್ಲ ಸಂಖ್ಯೆಯಿಂದಲೋ ಅಳತೆಯಿಂದಲೋ ಸಿಗುವ ಸಾಮಾನು. ಬೆಲ್ಟು ಬೇರಿಂಗಿಗೆ ಬತ್ತೇರಿಯೇ ಸಾಕು. ಇವು ಸವೆದಿವೆ ಎಂದು ಯಂತ್ರವನ್ನು ಬಿಡಬೇಕಾದದ್ದಿಲ್ಲ. ಬೆಲೆಯಲ್ಲಿ ಅಷ್ಟನ್ನು ಕಡಿಮೆ ಮಾಡಿ ಎಂದು ಕೇಳಬಹುದು.

ಆದರೆ ಮೂರು ವಸ್ತುಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬೀಡಿನ ಮೇಜುಗಳು, ಶಾಫ್ಟು, ಕಟ್ಟರ್ ಬ್ಲಾಕ್. ಹಣ ಕೊಡುವ ಮುಂಚೆ ನೋಡಬೇಕಾದದ್ದು ಇವನ್ನು. ಹೊಳೆಯುವ ಬಣ್ಣವನ್ನೂ ಮೋಟಾರಿನ ಸದ್ದನ್ನೂ ಆಮೇಲೆ ನೋಡೋಣ.

ಮೇಜಿನ ಮೇಲೆ ಉದ್ದವಾದ ನೇರ ಪಟ್ಟಿಯನ್ನು ನಿಲ್ಲಿಸಿ ಆಚೆ ಕಡೆಯಿಂದ ಬೆಳಕು ಬಿಡಿ. ಬೆಳಕು ತೂರಿಬಂದಲ್ಲಿ ತಗ್ಗಿದೆ. ಬ್ಲೇಡಿನ ಬಳಿಯ ತೆಳುವಾದ ತುಟಿಯನ್ನು ಸೀಮೆಣ್ಣೆಯಲ್ಲಿ ಒರಸಿ, ಅದರ ಮೇಲೆ ಸೀಮೆಸುಣ್ಣ ಬಳಿದು ಸ್ವಲ್ಪ ಹೊತ್ತು ಬಿಟ್ಟರೆ ಕಣ್ಣಿಗೆ ಕಾಣದ ಬಿರುಕು ಗೆರೆಯಾಗಿ ಎದ್ದು ಕಾಣುತ್ತದೆ. ನಾವು ನೋಡಿದ ಮೇಜು ಚೆನ್ನಾಗಿತ್ತು.

ಕಟ್ಟರ್ ಬ್ಲಾಕಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇವೆ, ಏಕೆಂದರೆ ಇದರಲ್ಲಿ ಇರುವುದು ಹಣದ ಮಾತು ಮಾತ್ರವಲ್ಲ, ಬೆರಳಿನ ಮಾತು. ಬ್ಲಾಕು ದುಂಡಗಿರಬೇಕು. ಬಹಳ ಹಳೆಯ ಯಂತ್ರಗಳಲ್ಲಿ ಚೌಕದ ಬ್ಲಾಕು ಇರುತ್ತಿತ್ತು. ಅದರ ಮೂಲೆ ಮೂಲೆಯ ನಡುವಿನ ಸಂದಿಗೆ ಜಾರಿದ ಕೈ ಆಳವಾಗಿ ಹೋಗುತ್ತದೆ. ಅಂಥದ್ದಾದರೆ ಬಿಟ್ಟಿ ಕೊಟ್ಟರೂ ಬೇಡ. ಬ್ಲೇಡನ್ನು ಒತ್ತಿ ಹಿಡಿಯುವ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ಮರೆ ನೋಡಿ. ಮರೆ ಸತ್ತ ಒಂದು ಬೋಲ್ಟು ಸಾಕು, ಓಡುತ್ತಿರುವಾಗ ಬ್ಲೇಡು ಕಿತ್ತು ಹಾರಲು. ಬ್ಲೇಡುಗಳು ಮಾತ್ರ ಸಿಗುವ ಸಾಮಾನೇ. ಉದ್ದ, ಅಗಲ, ದಪ್ಪ ಬರೆದುಕೊಂಡು ಹೋದರೆ ಆಯಿತು. ಅವನ್ನು ಜೊತೆಯಾಗಿಯೇ ಬದಲಿಸಬೇಕು, ತೂಕದಲ್ಲಿ ಒಂದೇ ಸಮ ಇರಬೇಕು. ಇನ್ನು ಬೇರಿಂಗು ಕೂರುವ ಜಾಗದಲ್ಲಿ ಶಾಫ್ಟು ಸವೆದಿದ್ದರೆ, “ವೆಲ್ಡಿಂಗ್ ತುಂಬಿ ಲೇತ್ ಹೊಡೆಸಿದರೆ ಆಯ್ತು” ಎನ್ನುವವರು ಸಿಗುತ್ತಾರೆ. ಪಂಪಿಗೆ ಅದು ನಡೆದೀತು. ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗುವ ಬ್ಲಾಕಿನ ಶಾಫ್ಟಿಗೆ ಬೇಡ. ಬಿಸಿಗೆ ಶಾಫ್ಟು ಕೂದಲೆಳೆಯಷ್ಟು ಬಾಗಿದರೂ ಯಂತ್ರವೆಲ್ಲಾ ನಡುಗುತ್ತದೆ.

ಆ ಸುತ್ತಿನ ಲೆಕ್ಕ ಹೇಗೆಂದು ಕೇಳಿದಿರಿ. ಮೋಟಾರಿನ ತಗಡಿನಲ್ಲಿರುವ ಸುತ್ತನ್ನು ಮೋಟಾರಿನ ಪುಲ್ಲಿಯ ಅಳತೆಯಿಂದ ಗುಣಿಸಿ ಶಾಫ್ಟಿನ ಪುಲ್ಲಿಯ ಅಳತೆಯಿಂದ ಭಾಗಿಸಿ. 1440 ಸುತ್ತಿನ ಮೋಟಾರು, ಅದಕ್ಕೆ 6 ಇಂಚಿನ ಪುಲ್ಲಿ, ಮೇಲೆ 2 ಇಂಚಿನದ್ದು ಇದ್ದರೆ ಬ್ಲಾಕು ನಿಮಿಷಕ್ಕೆ 4320 ಸುತ್ತು ತಿರುಗುತ್ತದೆ. ಸರಿಯೇ. ಈಗ ನಾವು ಕಂಡದ್ದನ್ನು ಕೇಳಿ. ಆ ಯಂತ್ರದ ಪುಲ್ಲಿಗಳು ಇದೇ ಅಳತೆಯವು. ಮೋಟಾರಿನ ತಗಡಿನಲ್ಲಿ ಇದ್ದದ್ದು 2880! ಎಂದೋ ಹಳೆಯ ಮೋಟಾರು ಸುಟ್ಟುಹೋಗಿ, ಸಿಕ್ಕಿದ್ದನ್ನು ಯಾರೋ ಕೂರಿಸಿದ್ದಾರೆ. ಹಾಗೆಯೇ ಓಡಿಸಿದರೆ 8640 ಸುತ್ತು. ಗರಗಸದ ಬ್ಲೇಡಿನ ಮೇಲೆ ಅದು ತಡೆಯಬಲ್ಲ ಸುತ್ತನ್ನು ಬರೆದಿರುತ್ತಾರೆ, ಓದಿ ನೋಡಿ. “ಎಷ್ಟು ಸ್ಪೀಡಾಗಿ ಕೊಯ್ಯುತ್ತೆ ನೋಡಿ” ಎಂದು ಮಾರುವವರು ಹೊಗಳಿದರು. ಅವರಿಗೂ ಗೊತ್ತಿರಲಿಲ್ಲ. ಮೋಟಾರಿನ ಪುಲ್ಲಿಯನ್ನು 3 ಇಂಚಿನದ್ದಾಗಿ ಬದಲಿಸಿದರೆ ಲೆಕ್ಕ ಮತ್ತೆ 4320ಕ್ಕೆ ಬರುತ್ತದೆ, ಬೆಲ್ಟಿನ ಉದ್ದ ಮಾತ್ರ ಬೇರೆ ಬೇಕಾಗುತ್ತದೆ. ಪುಲ್ಲಿಯ ಬೆಲೆ ಅಲ್ಪ. ಲೆಕ್ಕ ಹಾಕದೆ ಹೋಗಿದ್ದರೆ ತೆರುವುದು ಬೇರೆಯೇ ಆಗುತ್ತಿತ್ತು.

ಗರಗಸದ ಹಿಂದೆ ಮರದ ಸೀಳು ಮುಚ್ಚಿಕೊಳ್ಳದಂತೆ ತಡೆಯುವ ತಗಡು, ಬ್ಲಾಕಿನ ಮೇಲಿನ ಮುಚ್ಚಳ, ಬೆಲ್ಟಿನ ಮರೆ ಇವು ಹಳೆಯ ಯಂತ್ರದಲ್ಲಿ ಸಾಮಾನ್ಯವಾಗಿ ಕಳೆದುಹೋಗಿರುತ್ತವೆ. ಇವನ್ನು ಬಿಡಿಭಾಗವೆಂದೇ ಯಾರೂ ಎಣಿಸುವುದಿಲ್ಲ. ನಾವು ಮೊದಲ ಸಾಲಿನಲ್ಲೇ ಬರೆದೆವು. ತಗಡಿನ ಕೆಲಸದವರು ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಮಕ್ಕಳು ಓಡಾಡುವ ಅಂಗಳದಲ್ಲಿ, ಲುಂಗಿ ಸೆರಗುಗಳ ನಡುವೆ ಇವಿಲ್ಲದೆ ಸ್ವಿಚ್ಚು ಹಾಕಕೂಡದು.

ಪುಲ್ಲಿ, ಚಕ್ಕು, ಬ್ಲೇಡುಗಳಿಗೆ ಕೊಯಮತ್ತೂರು ಒಳ್ಳೆಯದು. ಅಲ್ಲಿ ಎರಕದವರೂ ಲೇತಿನವರೂ ಮೋಟಾರಿನವರೂ ಇದ್ದಾರೆ. ಭಾಷೆಯ ಅನುಕೂಲಕ್ಕೆ ಮೈಸೂರು. ಮೈಸೂರಿಗೆ ಹೋಗುವವರು ಹೊತ್ತು ನೋಡಿಕೊಳ್ಳಿ: 2009ರಿಂದ ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಸಾಮಾನು ಹೇರಿದ ಗಾಡಿಯೂ ಮುತ್ತಂಗದಲ್ಲೋ ಗುಂಡ್ಲುಪೇಟೆ ಕಡೆಯೋ ಬೆಳಗಾಗುವವರೆಗೆ ನಿಲ್ಲಬೇಕು. ಹಳೆಯ ಭಾಗವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಒಯ್ಯಲಾಗದ್ದನ್ನು ಅಡಿಪಟ್ಟಿ ಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಅಡಿಪಟ್ಟಿಯಿಲ್ಲದ ಚಿತ್ರದಿಂದ ಅಂಗಡಿಯವರಿಗೆ ಏನೂ ತಿಳಿಯದು.

ಇನ್ನೆರಡು ವಿಷಯ ಚುಟುಕಾಗಿ. ಲೈನಿನ ಮನೆಯ ಕರೆಂಟಿನಲ್ಲಿ ಇಂಥ ಮೋಟಾರು ಓಡಿಸುವ ಯೋಚನೆ ಬೇಡ. ಬೇರೆ ಸಂಪರ್ಕಕ್ಕೆ ಅರ್ಜಿ ಹಾಕಬೇಕು, ಮೋಟಾರು ಸಿಂಗಲ್ ಫೇಸೋ ತ್ರೀ ಫೇಸೋ ಎಂದು ಮೊದಲೇ ನೋಡಿರಬೇಕು. ನಮ್ಮ ಸುತ್ತ 1973ರಿಂದ ವನ್ಯಧಾಮವಿರುವ ಕಾಡು. ಸಿಲ್ವರ್ ಓಕೋ ಹಲಸೋ ಯಾವ ಮರವೇ ಆಗಲಿ, ಕೊಯ್ಯುವ ಯಂತ್ರ ಇಡುವ ಮುಂಚೆ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಪರವಾನಗಿ ಬೇಕೇ ಎಂದು ಕೇಳಿ ಬರುವುದು ಒಳ್ಳೆಯದು.

ಆ ಮನೆಯವರು ಇನ್ನೂ ಹಣ ಕೊಟ್ಟಿಲ್ಲ. ಒಂದು ಕಡೆಯ ಬೇರಿಂಗನ್ನು ಮಾತ್ರ ನಾವು ನೋಡಿದ್ದು. ಚಕ್ಕಿನ ಕಡೆಯದನ್ನು ಬಿಚ್ಚಿ ಶಾಫ್ಟನ್ನು ಅಳೆಯಲು ಮಾರುವವರು ಒಪ್ಪಿದ್ದಾರೆ. ಬರುವ ಶನಿವಾರ ಸಂಜೆ ಕೆಲಸ ಬಿಟ್ಟ ಮೇಲೆ ಹೋಗುತ್ತೇವೆ. ಅಳತೆ 25 ಬಂದರೆ ಬೆಲೆಯ ಮಾತು ಆಡುವುದು, ಸವೆದಿದ್ದರೆ ಹಿಂದಿರುಗುವುದು ಎಂದು ತಾಯಿ ಮಗ ಇಬ್ಬರೂ ಒಪ್ಪಿಕೊಂಡಿದ್ದಾರೆ. ಫಿಟ್ಟರ್ ಕೆಲಸ ಗೊತ್ತಿರುವವರು ಯಾರಾದರೂ ಜೊತೆಗೆ ಬರುವುದಾದರೆ ಕೂಟ ಮುಗಿದ ಮೇಲೆ ನಮಗೆ ಹೇಳಿ. ಬೇರಿಂಗ್ ಪುಲ್ಲರ್ ಇದ್ದವರು ಅದನ್ನೂ ತನ್ನಿ.