ನಾಲ್ಕು ಸೆಕೆಂಡಿನ ಓಟ

ನಮ್ಮ ಸಂಘದ ಈ ಸಭೆಯಲ್ಲಿ ವಚನ, ಯಕ್ಷಗಾನ, ಕುಮಾರವ್ಯಾಸರ ನಡುವೆ ಅಮೆರಿಕನ್ ಫುಟ್‌ಬಾಲ್ ಎಲ್ಲಿಂದ ಬಂತು ಎಂದು ನೀವು ಕೇಳುವ ಮೊದಲೇ ಉತ್ತರ ಹೇಳಿಬಿಡುತ್ತೇನೆ: ನೈರೋಬಿಯಿಂದಲೇ ಬಂತು.

2013ರ ಡಿಸೆಂಬರ್ 8ರಂದು ಸಿನ್ಸಿನಾಟಿಯ ಮೈದಾನದಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡದ ಅಂಗಿ ತೊಟ್ಟು ಡೇನಿಯಲ್ ಅಡೊಂಗೊ ಎಂಬ ತರುಣ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಪಂದ್ಯಕ್ಕೆ ಇಳಿದ. ಹುಟ್ಟಿದ್ದು ನಮ್ಮ ಈ ನೈರೋಬಿಯಲ್ಲೇ, 1989ರಲ್ಲಿ. ಆರಡಿ ಐದಿಂಚು ಎತ್ತರದ ಆಳು. ದಕ್ಷಿಣ ಆಫ್ರಿಕಾದಲ್ಲೂ ನ್ಯೂಜಿಲೆಂಡ್‌ನಲ್ಲೂ ರಗ್ಬಿ ಆಡಿ ಪಳಗಿದವನು. ಆದರೆ ಕೋಲ್ಟ್ಸ್ ತಂಡ ಕರೆಸಿಕೊಂಡಾಗ ಅವನು ಒಂದೇ ಒಂದು ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನೂ ಆಡಿರಲಿಲ್ಲ. ಆ ಮೈಕಟ್ಟು, ಆ ವೇಗ ಎರಡೂ ಒಬ್ಬನಲ್ಲೇ ಇವೆಯಲ್ಲ, ಆಟವನ್ನು ಆಮೇಲೆ ಕಲಿಸಿಕೊಂಡರಾಯಿತು ಎಂಬುದು ತಂಡದವರ ಲೆಕ್ಕಾಚಾರ.

ಅಡೊಂಗೊನನ್ನು ಕರೆಸಿದ್ದು ಓಡುವ ಕೆಲಸಕ್ಕಲ್ಲ, ಓಡುವವನನ್ನು ಕೆಡಹುವ ಕೆಲಸಕ್ಕೆ. ಆ ಜಾಗಕ್ಕೆ ಲೈನ್‌ಬ್ಯಾಕರ್ ಅನ್ನುತ್ತಾರೆ. ಅವನೆದುರು ಚೆಂಡು ಹಿಡಿದು ಬರುವವನು ರನ್ನಿಂಗ್ ಬ್ಯಾಕ್. ನನ್ನ ಇವತ್ತಿನ ಮಾತು ಮುಖ್ಯವಾಗಿ ಆ ರನ್ನಿಂಗ್ ಬ್ಯಾಕ್ ಬಗ್ಗೆ, ಅವನ ವೃತ್ತಿಯ ಬಗ್ಗೆ. ಜಗತ್ತಿಗೆಲ್ಲ ಓಟಗಾರರನ್ನು ಕೊಟ್ಟ ಕೆನ್ಯಾ ಹೆಸರಾಂತ ರನ್ನಿಂಗ್ ಬ್ಯಾಕ್ ಒಬ್ಬನನ್ನೂ ಕೊಟ್ಟಿಲ್ಲ. ಕೆನ್ಯನ್ ಡ್ರೇಕ್ ಎಂಬೊಬ್ಬ ಇದ್ದಾನೆ, ನಿಜ. ಆದರೆ ಅವನು ಅಮೆರಿಕದ ಜಾರ್ಜಿಯಾದವನು. ಕೆನ್ಯಾ ಇರುವುದು ಹೆಸರಿನಲ್ಲಿ ಮಾತ್ರ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ತಂಡಕ್ಕೆ ಹನ್ನೊಂದು ಜನ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತವೆ. ಚೆಂಡನ್ನು ಮುಂದಕ್ಕೆ ಎಸೆಯಬಹುದು, ಇಲ್ಲವೇ ಒಬ್ಬನ ಕೈಗಿತ್ತು ಓಡಿಸಬಹುದು. ಹಾಗೆ ಓಡುವವನೇ ರನ್ನಿಂಗ್ ಬ್ಯಾಕ್. ನಮ್ಮ ಕಬಡ್ಡಿಯ ರೈಡರ್ ಮುಟ್ಟಿ ಹಿಂದಕ್ಕೆ ಬರಬೇಕು. ಇವನಿಗೆ ಹಿಂದೆ ಬರುವ ಮಾತೇ ಇಲ್ಲ, ಬಿದ್ದರೂ ಮುಂದಕ್ಕೇ ಬೀಳಬೇಕು.

ಒಂದು ಓಟವನ್ನು ನಿಧಾನವಾಗಿ ನೋಡೋಣ. ಚೆಂಡು ಎಸೆಯುವ, ಹಂಚುವ ಕ್ವಾರ್ಟರ್‌ಬ್ಯಾಕ್ ತಿರುಗಿ ಅದನ್ನು ಇವನ ಹೊಟ್ಟೆಗೆ ಒತ್ತುತ್ತಾನೆ. ಇವನು ಚೆಂಡನ್ನು ನೋಡುವುದಿಲ್ಲ. ಒಂದು ಮೊಣಕೈ ಮೇಲೆ, ಇನ್ನೊಂದು ಕೆಳಗೆ ಇಟ್ಟು ಬಾಗಿಲು ತೆರೆದಂತೆ ಕೊಟ್ಟು, ಚೆಂಡು ತಾಗಿದೊಡನೆ ಮುಚ್ಚುತ್ತಾನೆ. ಬೆರಳ ತುದಿ, ಅಂಗೈ, ಮುಂದೋಳು, ತೋಳು, ಎದೆ: ಐದೂ ಕಡೆ ಚೆಂಡು ಅಂಟಿರಬೇಕೆಂದು ಚಿಕ್ಕಂದಿನಿಂದಲೇ ಕಲಿಸಿರುತ್ತಾರೆ. ಕಣ್ಣು ಮಾತ್ರ ಎದುರಿನ ಗೋಡೆಯ ಮೇಲೆ. ನೂರ ನಲವತ್ತು ಕಿಲೋ ಆಸುಪಾಸಿನ ದಾಂಡಿಗರು ಒಬ್ಬರನ್ನೊಬ್ಬರು ನೂಕುತ್ತಿರುತ್ತಾರೆ. ಅವರ ಮಧ್ಯೆ ಒಂದು ಸಂದು ತೆರೆಯಬೇಕು. ಎಲ್ಲಿ ತೆರೆಯುತ್ತದೆ ಎಂದು ಮೊದಲೇ ಹೇಳಿರುತ್ತಾರೆ, ಆದರೆ ಅದು ಅಲ್ಲೇ ತೆರೆಯುವುದು ಅಪರೂಪ. ಆದ್ದರಿಂದ ಅವನು ಒಂದು ಕ್ಷಣ ನಿಧಾನಿಸಬೇಕು. ಬೇಗ ನುಗ್ಗಿದರೆ ತನ್ನವರ ಬೆನ್ನಿಗೇ ಡಿಕ್ಕಿ, ತಡ ಮಾಡಿದರೆ ಸಂದು ಮುಚ್ಚಿತು. ಇಷ್ಟೆಲ್ಲ ಆಗಿ ಅವನು ನೆಲಕ್ಕೆ ಬೀಳುವ ಹೊತ್ತಿಗೆ ಸುಮಾರು ನಾಲ್ಕು ಸೆಕೆಂಡು ಕಳೆದಿರುತ್ತದೆ. ಗಳಿಕೆ ನಾಲ್ಕು ಗಜ. ಒಂದು ಓಟಕ್ಕೆ ಸರಾಸರಿ ನಾಲ್ಕು ಗಜ ಬಂದರೆ ಒಳ್ಳೆಯ ಕೆಲಸಗಾರ. ಜಿಮ್ ಬ್ರೌನ್ ಒಂಬತ್ತು ವರ್ಷ ಆಡಿ 5.2ರ ಸರಾಸರಿಯಲ್ಲಿ 12,312 ಗಜ ಓಡಿದ. ಆ 1.2 ಗಜದ ಹೆಚ್ಚುವರಿಗೇ ಜನ ಅವನನ್ನು ಇಂದಿಗೂ ನೆನೆಯುವುದು.

ಈಗ ಕೆನ್ಯಾದ ಪ್ರಶ್ನೆ. ಮ್ಯಾರಥಾನ್ ವೀರ ಕಿಪ್ಚೋಗೆಯ ದೇಶದಿಂದ ರನ್ನಿಂಗ್ ಬ್ಯಾಕ್ ಏಕೆ ಬರಲಿಲ್ಲ? ಮ್ಯಾರಥಾನ್ ಓಟಗಾರನ ಮೈಗೂ ರನ್ನಿಂಗ್ ಬ್ಯಾಕ್‌ನ ಮೈಗೂ ಸಂಬಂಧವೇ ಇಲ್ಲ ಎಂಬುದು ಸುಲಭದ ಉತ್ತರ. ಇವನು ತೊಂಬತ್ತೈದು, ನೂರು ಕಿಲೋ ತೂಗುತ್ತಾನೆ, ನಲವತ್ತು ಗಜವನ್ನು ನಾಲ್ಕೂವರೆ ಸೆಕೆಂಡಿನಲ್ಲಿ ಓಡುತ್ತಾನೆ. ಆದರೆ ಕೆನ್ಯಾ ಎಂದರೆ ದೂರದ ಓಟಗಾರರ ಊರುಗಳಾದ ಎಲ್ಡೊರೆಟ್, ಇಟೆನ್ ಮಾತ್ರವಲ್ಲ. ಇಲ್ಲೇ ಕಸರಾನಿ ಕ್ರೀಡಾಂಗಣದಲ್ಲಿ 2021ರ ಸೆಪ್ಟೆಂಬರ್ 18ರಂದು ಫರ್ಡಿನಂಡ್ ಒಮನ್ಯಾಲ ನೂರು ಮೀಟರನ್ನು 9.77 ಸೆಕೆಂಡಿನಲ್ಲಿ ಓಡಿ ಆಫ್ರಿಕಾದ ದಾಖಲೆ ಬರೆದ. ಅವನು ಮೊದಲು ರಗ್ಬಿ ಆಡುತ್ತಿದ್ದವನು. ಎಂಗಾಂಗ್ ರಸ್ತೆಯ ಆರ್‌ಎಫ್‌ಯುಇಎ ರಗ್ಬಿ ಮೈದಾನದ ಮುಂದೆ ವಾರಕ್ಕೆರಡು ಸಲ ನಾವೆಲ್ಲ ಹಾದುಹೋಗುತ್ತೇವೆ. ಒಳಗೆ ಹೋಗಿ ಸೆವೆನ್ಸ್ ರಗ್ಬಿ ನೋಡಿದವರು ನಮ್ಮಲ್ಲಿ ಎಷ್ಟು ಜನ? ಕೆನ್ಯಾದ ಕಾಲಿನ್ಸ್ ಇಂಜೇರ ಒಟ್ಟು 279 ಟ್ರೈ ಗಳಿಸಿದ, ಕೆಲಕಾಲ ವಿಶ್ವ ಸೆವೆನ್ಸ್ ಸರಣಿಯ ಟ್ರೈ ಪಟ್ಟಿಯ ಅಗ್ರಸ್ಥಾನದಲ್ಲೇ ಇದ್ದ. 2016ರ ಏಪ್ರಿಲ್‌ನಲ್ಲಿ ಸಿಂಗಪುರದ ಫೈನಲ್‌ನಲ್ಲಿ ಫಿಜಿಯನ್ನು 30-7ರಿಂದ ಸೋಲಿಸಿದ ಕೆನ್ಯಾ ತಂಡದಲ್ಲೂ ಅವನಿದ್ದ. ನಾವು ಮಾತ್ರ 2003ರ ಕ್ರಿಕೆಟ್ ವಿಶ್ವಕಪ್ಪನ್ನೇ ಇನ್ನೂ ಹೇಳಿಕೊಳ್ಳುತ್ತಿದ್ದೇವೆ. ಜಿಮ್ಖಾನಾದಲ್ಲಿ ಕೆನ್ಯಾ ಶ್ರೀಲಂಕಾವನ್ನು ಸೋಲಿಸಿದ ದಿನದ ಕಥೆ ಈ ಸಭಾಂಗಣದಲ್ಲೇ ಹತ್ತು ಸಲ ಕೇಳಿದ್ದೇನೆ, ಇನ್ನೂ ಹತ್ತು ಸಲ ಕೇಳಲು ತಯಾರಿದ್ದೇನೆ.

ಅಂತೂ ಕಾಲಿಗೆ ಇಲ್ಲಿ ಬರವಿಲ್ಲ. ತೊಡಕು ಬೇರೆಡೆ ಇದೆ. ರಗ್ಬಿಯಲ್ಲಿ ಚೆಂಡು ಹಿಡಿದವನ ಮುಂದೆ ತನ್ನ ತಂಡದವನು ಎದುರಾಳಿಗೆ ಅಡ್ಡ ನಿಂತರೆ ಅದು ತಪ್ಪು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅಡ್ಡ ನಿಲ್ಲುವುದೇ ಆಟ. ರಗ್ಬಿಯವನು ಖಾಲಿ ಜಾಗ ಕಂಡಲ್ಲಿಗೆ ಹಾರುತ್ತಾನೆ. ತನ್ನವರ ಬೆನ್ನ ಹಿಂದೆ ಕಾಯುವ ಆ ಅರ್ಧ ಸೆಕೆಂಡನ್ನು ಅವನ ಮೈ ಕಲಿತಿಲ್ಲ. ಸಾಲದ್ದಕ್ಕೆ ಚೆಂಡು ತನ್ನ ಕೈಯಲ್ಲಿಲ್ಲದಾಗ ರನ್ನಿಂಗ್ ಬ್ಯಾಕ್‌ಗೆ ಇನ್ನೊಂದು ಕೆಲಸ: ಕ್ವಾರ್ಟರ್‌ಬ್ಯಾಕ್‌ನ ಮೇಲೆ ಎರಗಿ ಬರುವವನು ಯಾರೆಂದು ಮೊದಲೇ ಗುರುತಿಸಿ ಅವನಿಗೆ ಅಡ್ಡ ಬೀಳುವುದು. ಅಮೆರಿಕದ ಹುಡುಗ ಇದನ್ನು ಎಂಟನೇ ವಯಸ್ಸಿನಿಂದ ಅಭ್ಯಾಸ ಮಾಡಿರುತ್ತಾನೆ.

ಇಂಗ್ಲೆಂಡಿನ ಕ್ರಿಸ್ಟಿಯನ್ ವೇಡ್ ಕಥೆ ಕೇಳಿ. ಹೆಸರಾಂತ ರಗ್ಬಿ ವಿಂಗ್ ಆಟಗಾರ. 2018ರಲ್ಲಿ ರಗ್ಬಿ ಬಿಟ್ಟು ಬಫಲೋ ಬಿಲ್ಸ್ ತಂಡಕ್ಕೆ ರನ್ನಿಂಗ್ ಬ್ಯಾಕ್ ಆಗಿ ಹೋದ. 2019ರ ಆಗಸ್ಟ್‌ನಲ್ಲಿ ಪೂರ್ವಸಿದ್ಧತೆಯ ಪಂದ್ಯವೊಂದರಲ್ಲಿ ಮೊಟ್ಟಮೊದಲ ಸಲ ಚೆಂಡು ಕೈಗೆ ಬಂತು. 65 ಗಜ ಓಡಿ, ಕೊನೆಯ ಗೆರೆ ದಾಟಿ ನೇರ ಟಚ್‌ಡೌನ್! ಎದುರಾಳಿ, ಕಾಕತಾಳೀಯವಾಗಿ, ಅದೇ ಕೋಲ್ಟ್ಸ್. ಇಡೀ ಇಂಗ್ಲೆಂಡ್ ಕುಣಿಯಿತು. ಆದರೆ ಲೀಗ್‌ನ ಅಸಲಿ ಪಂದ್ಯವೊಂದರಲ್ಲೂ ಆಡದೆ ಅವನು ಹಿಂದಿರುಗಿದ.

ಹೊರಗಿನಿಂದ ಬಂದು ಗೆದ್ದವನೇ ಇಲ್ಲವೇ? ಇದ್ದಾನೆ, ನಮ್ಮ ಈ ಖಂಡದವನೇ. ನೈಜೀರಿಯಾದ ಎನುಗು ಊರಿನ ಕ್ರಿಸ್ಟಿಯನ್ ಒಕೊಯೆ ಡಿಸ್ಕಸ್ ಎಸೆಯಲು ಕ್ಯಾಲಿಫೋರ್ನಿಯಾದ ಕಾಲೇಜಿಗೆ ಹೋದವನು. 1984ರ ಒಲಿಂಪಿಕ್ಸ್‌ಗೆ ನೈಜೀರಿಯಾ ಆರಿಸಲಿಲ್ಲ ಎಂಬ ಸಿಟ್ಟಿನಲ್ಲಿ ಫುಟ್‌ಬಾಲ್ ಹಿಡಿದ. 1987ರಲ್ಲಿ ಕನ್ಸಾಸ್ ಸಿಟಿ ಚೀಫ್ಸ್ ಸೇರಿ, 1989ರಲ್ಲಿ 1,480 ಗಜ ಓಡಿ ಇಡೀ ಲೀಗ್‌ಗೇ ಮೊದಲಿಗನಾದ. ಅವನು ಸಂದು ಹುಡುಕುತ್ತಿರಲಿಲ್ಲ, ನೂರಿಪ್ಪತ್ತು ಕಿಲೋ ಮೈಯಿಂದ ಸಂದು ಮಾಡಿಕೊಳ್ಳುತ್ತಿದ್ದ. ಅದರ ಬೆಲೆ ತೆತ್ತದ್ದು ಮೊಣಕಾಲು. 1992ರ ನಂತರ ಅವನು ಆಡಲಿಲ್ಲ. ಒಟ್ಟು ಆರು ವರ್ಷ.

ಆರು ವರ್ಷ ಕಡಿಮೆ ಎನ್ನಿಸಿತೇ? ಆಟಗಾರರ ಸಂಘದ ಲೆಕ್ಕದಲ್ಲಿ ರನ್ನಿಂಗ್ ಬ್ಯಾಕ್‌ನ ಸರಾಸರಿ ವೃತ್ತಿ ಮೂರು ವರ್ಷವೂ ತುಂಬುವುದಿಲ್ಲ, ಎರಡೂವರೆಯ ಆಸುಪಾಸು. ಅವನ ವೃತ್ತಿಯ ಜೀವಾಳ ಇರುವುದು ಈ ಅಂಕಿಯಲ್ಲಿ. ಕಾಲೇಜು ಮುಗಿಸಿ ಇಪ್ಪತ್ತೊಂದು, ಇಪ್ಪತ್ತೆರಡಕ್ಕೆ ಬರುತ್ತಾನೆ. ಮೊದಲ ಒಪ್ಪಂದ ನಾಲ್ಕು ವರ್ಷ, ಸಂಬಳ ಬಹುಮಟ್ಟಿಗೆ ಮೊದಲೇ ಗೊತ್ತುಮಾಡಿದ್ದು. ಮೈಯಲ್ಲಿ ಕಸುವಿರುವುದೂ ಅದೇ ನಾಲ್ಕು ವರ್ಷ. ಇಪ್ಪತ್ತಾರಕ್ಕೆ ದೊಡ್ಡ ಒಪ್ಪಂದ ಕೇಳಲು ಹೋದರೆ ತಂಡದವರು ಅವನ ಮೊಣಕಾಲು ನೋಡುತ್ತಾರೆ, ಬಾಗಿಲಲ್ಲಿ ನಿಂತಿರುವ ಹೊಸ ಹುಡುಗನನ್ನು ನೋಡುತ್ತಾರೆ. ಬಿಡಲೂ ಮನಸ್ಸಿಲ್ಲದಿದ್ದರೆ 'ಫ್ರಾಂಚೈಸ್ ಟ್ಯಾಗ್' ಹಾಕಿ ಒಂದೇ ವರ್ಷಕ್ಕೆ ಕಟ್ಟಿಹಾಕುತ್ತಾರೆ. 2023ರಲ್ಲಿ ಆ ಟ್ಯಾಗ್‌ನ ಮೊತ್ತ ರನ್ನಿಂಗ್ ಬ್ಯಾಕ್‌ಗೆ ಸುಮಾರು ಒಂದು ಕೋಟಿ ಡಾಲರ್. ಎಸೆದ ಚೆಂಡು ಹಿಡಿಯುವ ವೈಡ್ ರಿಸೀವರ್‌ಗೆ ಅದರ ಹೆಚ್ಚುಕಡಿಮೆ ಎರಡು ಪಟ್ಟು. ಒಂದು ಕೋಟಿ ಡಾಲರ್ ಕಡಿಮೆಯೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದಾರೆ. ಕಡಿಮೆಯಲ್ಲ. ಆದರೆ ಅದು ನಾಲ್ಕೈದು ಜನರಿಗೆ ಸಿಗುವ ಮಾತು. ಉಳಿದವರು ಮೂರು ವರ್ಷದಲ್ಲಿ ಮೂರು ಊರು ಸುತ್ತಿ ಮನೆ ಸೇರುತ್ತಾರೆ.

ಆ ವರ್ಷ ಟ್ಯಾಗ್ ಬಿದ್ದವರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ಸೇಕ್ವಾನ್ ಬಾರ್ಕ್ಲಿ ಒಬ್ಬ. ಮರುವರ್ಷ ಜೈಂಟ್ಸ್ ಅವನನ್ನು ಉಳಿಸಿಕೊಳ್ಳಲಿಲ್ಲ. ಅವನು ಫಿಲಡೆಲ್ಫಿಯಾ ಈಗಲ್ಸ್ ಸೇರಿ 2024ರ ಋತುವಿನಲ್ಲಿ 2,005 ಗಜ ಓಡಿದ, ತನ್ನ 28ನೇ ಹುಟ್ಟುಹಬ್ಬದ ದಿನವೇ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ. ಕೆಲವರು ತಾವಾಗಿಯೇ ಎದ್ದುಹೋದದ್ದೂ ಉಂಟು. ಜಿಮ್ ಬ್ರೌನ್ 1966ರಲ್ಲಿ, ಮೂವತ್ತನೇ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಸಿನಿಮಾ ಚಿತ್ರೀಕರಣದ ನಡುವೆಯೇ ನಿವೃತ್ತಿ ಹೇಳಿದ. ಬ್ಯಾರಿ ಸ್ಯಾಂಡರ್ಸ್ 1999ರಲ್ಲಿ ಹೊರಟಾಗ ಅಂದಿನ ಸಾರ್ವಕಾಲಿಕ ದಾಖಲೆಗೆ ಇನ್ನು 1,457 ಗಜ ಮಾತ್ರ ಬೇಕಿತ್ತು. ಅಷ್ಟು ಅವನಿಗೆ ಒಂದು ವರ್ಷದ ಕೆಲಸ. ಜನ ಹುಚ್ಚು ಎಂದರು. ನನ್ನ ಮಟ್ಟಿಗೆ ಇಬ್ಬರೂ ಜಾಣರು.

ಏಕೆಂದರೆ ಹೋಗುವುದು ಮೊಣಕಾಲೊಂದೇ ಅಲ್ಲ. 2002ರಲ್ಲಿ ಪಿಟ್ಸ್‌ಬರ್ಗ್‌ನ ಶವಪರೀಕ್ಷಾ ವೈದ್ಯರೊಬ್ಬರು ಮೈಕ್ ವೆಬ್‌ಸ್ಟರ್ ಎಂಬ ಮಾಜಿ ಆಟಗಾರನ ಮೆದುಳನ್ನು ಪರೀಕ್ಷಿಸಿ, ತಲೆಗೆ ಬಿದ್ದ ಸಾವಿರಾರು ಪೆಟ್ಟುಗಳು ಏನು ಮಾಡಿವೆ ಎಂದು ತೋರಿಸಿದರು. ಆ ವೈದ್ಯರ ಹೆಸರು ಬೆನೆಟ್ ಒಮಾಲು. ಒಕೊಯೆಯಂತೆ ಅವರೂ ನೈಜೀರಿಯಾದವರೇ. ಲೀಗ್ ವರ್ಷಗಟ್ಟಲೆ ಅವರ ಮಾತನ್ನು ಅಲ್ಲಗಳೆಯಿತು. ಒಂದೇ ದೇಶದಿಂದ ಹೋದ ಇಬ್ಬರಲ್ಲಿ ಒಬ್ಬ ಆ ಆಟದ ವೈಭವ ತೋರಿಸಿದ, ಇನ್ನೊಬ್ಬರು ಅದರ ಬಿಲ್ಲು ತೋರಿಸಿದರು.

ಮತ್ತೆ ಅಡೊಂಗೊ ಕಡೆ ಬರೋಣ. ಎರಡು ವರ್ಷ ಗಾಯಗಳ ನಡುವೆ ಕಲಿತ, ಆಗೀಗ ಮೈದಾನಕ್ಕಿಳಿದ. 2015ರ ಡಿಸೆಂಬರ್‌ನಲ್ಲಿ ತಂಡ ಅವನನ್ನು ಕೈಬಿಟ್ಟಿತು. ಆಗ ಅವನಿಗೆ ಇಪ್ಪತ್ತಾರು. ಬಿಟ್ಟುಬಂದ ರಗ್ಬಿಯಲ್ಲಿ ಅದು ಏರುವ ವಯಸ್ಸು. ಅವನು ಹೋದದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಪ್ರಯೋಗದಲ್ಲಿ ತಂಡ ಕಳೆದುಕೊಂಡದ್ದು ಒಂದಿಷ್ಟು ಹಣ, ಅವನು ಕಳೆದುಕೊಂಡದ್ದು ರಗ್ಬಿಯ ಅತ್ಯುತ್ತಮ ವರ್ಷಗಳನ್ನು. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು.

ತನ್ನ ಆಟ ಬಿಟ್ಟು ಬೇರೆ ಆಟಕ್ಕೆ ಹೋಗಬೇಕೇ ಎಂಬ ಇದೇ ಪ್ರಶ್ನೆ ಕರ್ನಾಟಕದ ನಮ್ಮ ಕರಾವಳಿಯಲ್ಲೂ ಎದ್ದಿತ್ತು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ ಲೆಕ್ಕಹಾಕಿ 9.55 ಎಂದರು, ದೇಶವೆಲ್ಲ ಉಸೇನ್ ಬೋಲ್ಟ್ ಎಂದು ಕೂಗಿತು, ಕೇಂದ್ರದ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರು. ಗೌಡರು ಹೋಗಲಿಲ್ಲ. ಕಂಬಳದ ಓಟವೇ ಬೇರೆ, ಟ್ರ್ಯಾಕ್‌ನ ಓಟವೇ ಬೇರೆ, ಅಲ್ಲಿ ಕೋಣಗಳ ಪಾಲೂ ಇದೆ ಎಂದರು. ಅಂದು ಅವಕಾಶ ಕೈಚೆಲ್ಲಿದರಲ್ಲ ಎಂದು ಮರುಗಿದವರು ಬಹಳ. ತನ್ನ ಕಾಲು ಯಾವ ಮಣ್ಣಿನಲ್ಲಿ ಏನು ಕಲಿತಿದೆ ಎಂಬುದು ಆ ಕೆಸರುಗದ್ದೆಯ ಓಟಗಾರರಿಗೆ ಕೋಲ್ಟ್ಸ್ ತಂಡದ ಆಡಳಿತಕ್ಕಿಂತ ಚೆನ್ನಾಗಿ ತಿಳಿದಿತ್ತು.

ಇದನ್ನೆಲ್ಲ ಈಗ ಹೇಳುವುದಕ್ಕೆ ಕಾರಣವಿದೆ. ಎನ್‌ಎಫ್‌ಎಲ್ 2022ರಲ್ಲಿ ಘಾನಾದಲ್ಲಿ, 2023ರಲ್ಲಿ ಇಲ್ಲೇ ನೈರೋಬಿಯಲ್ಲಿ ಪ್ರತಿಭಾಶೋಧ ಶಿಬಿರ ನಡೆಸಿತು. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸೇರಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ ಸೇರಿಸಿದ್ದು ನಮಗೆಲ್ಲ ಗೊತ್ತು. ಅದೇ ದಿನ, ಅದೇ ಪಟ್ಟಿಯಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಕೂಡ ಇತ್ತು. ತಂಡಕ್ಕೆ ಐವರು, ಪುರುಷರಿಗೂ ಮಹಿಳೆಯರಿಗೂ ಉಂಟು. ಕೆಡಹುವಂತಿಲ್ಲ, ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಕಿತ್ತರೆ ಓಟ ನಿಂತಿತು. ಓಟದ ಕಲೆಯೆಲ್ಲ ಉಳಿಯುತ್ತದೆ, ತಲೆಯೂ ಉಳಿಯುತ್ತದೆ. ನಮ್ಮ ಸಂಘದ ಕ್ರೀಡಾಕೂಟದಲ್ಲಿ ಹಗ್ಗಜಗ್ಗಾಟ, ನಿಂಬೆಹಣ್ಣು-ಚಮಚದ ಜೊತೆ ಇದಕ್ಕೂ ಒಂದು ಗಂಟೆ ಕೊಡಿ ಎಂದು ಕಾರ್ಯದರ್ಶಿಗಳನ್ನು ಎಲ್ಲರೆದುರೇ ಕೇಳುತ್ತಿದ್ದೇನೆ. ಇಲ್ಲ ಎನ್ನಲಾರರು.

ಇನ್ನು ಈ ಊರಿನಲ್ಲೇ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಯಾರಿಗಾದರೂ, ಅಥವಾ ಅವರ ಕೆನ್ಯನ್ ಗೆಳೆಯರಿಗೆ, ನಾಳೆ ಅಮೆರಿಕದಿಂದ ಹೆಲ್ಮೆಟ್ ಹಾಕುವ ಆಟಕ್ಕೇ ಕರೆ ಬಂದರೆ ಹೋಗಬೇಡ ಎನ್ನಬೇಡಿ. ಆದರೆ ಸಹಿ ಹಾಕುವ ಮೊದಲು ಒಪ್ಪಂದವನ್ನು ವಕೀಲರ ಜೊತೆ ಕುಳಿತು ಓದಿಸಿ. ಆಡಲಿ ಬಿಡಲಿ ಕೈಸೇರುವ ಖಾತರಿ ಹಣ ಎಷ್ಟು, ತಂಡ ಕೈಬಿಟ್ಟ ಮೇಲೆ ಮೊಣಕಾಲಿನ ಚಿಕಿತ್ಸೆ ಯಾರ ಖರ್ಚು, ನಿಂತುಹೋದ ಓದನ್ನು ಮುಗಿಸಲು ಹಣ ಯಾರು ಕೊಡುತ್ತಾರೆ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಎದ್ದು ಬನ್ನಿ.